ಮೊಳೆಯಿಂದ ಇಳಿಸಿದ ಚಿತ್ರ: ಮನೆಯ ಗೋಡೆಯ ಕಲೆಯನ್ನು ಸರದಿಯಲ್ಲಿ ಬದಲಿಸುವ ಬಗ್ಗೆ

(ನಮ್ಮ ಬಡಾವಣೆಯ ಗ್ರಂಥಾಲಯದ ಮಹಡಿಯಲ್ಲಿ ಸೇರಿದ್ದ ಓದುಗರ ಮುಂದೆ ಮಾಡಿದ ಉಪನ್ಯಾಸವಿದು. ಬರಹಕ್ಕೆ ಇಳಿಸುವಾಗ ಲೆಕ್ಕಗಳನ್ನು ಮತ್ತೊಮ್ಮೆ ಸರಿನೋಡಿದ್ದೇನೆ. ಸಭಿಕರ ಪ್ರಶ್ನೆಗಳಿಗೆ ಕೊಟ್ಟ ಉತ್ತರಗಳನ್ನು ಆಯಾ ಜಾಗದಲ್ಲಿಯೇ ಸೇರಿಸಿದ್ದೇನೆ.)

ಮಾನ್ಯರೇ,

ನನ್ನ ತಾಯಿಯ ತವರು ಧಾರವಾಡದ ಕಡೆಯದು. ಮದುವೆಯಾಗಿ ಮೈಸೂರಿಗೆ ಬಂದಾಗ ಅವರ ಪೆಟ್ಟಿಗೆಯಲ್ಲಿ ಒಂದು ಇಳಕಲ್ ಸೀರೆ ಇತ್ತು. ಅದರ ಕೆಂಪು ರೇಷ್ಮೆ ಸೆರಗಿನ ಮೇಲೆ ಅವರೇ ಎಳೆ ಎಣಿಸಿ ಗೋಪುರ, ಆನೆ, ತುಳಸಿ ವೃಂದಾವನಗಳ ಕಸೂತಿ ಹಾಕಿದ್ದರು. ಸೀರೆ ಮಡಿಕೆಯ ಗೆರೆಗಳಲ್ಲಿ ಹರಿಯತೊಡಗಿದಾಗ, ಸೆರಗನ್ನಾದರೂ ಉಳಿಸಿಕೊಳ್ಳೋಣವೆಂದು ಅದನ್ನು ಬೇರ್ಪಡಿಸಿ, ಗಾಜಿನ ಕಟ್ಟು ಹಾಕಿಸಿ, ನಡುಮನೆಯಲ್ಲಿ ಬಂದವರಿಗೆಲ್ಲ ಮೊದಲು ಕಾಣುವ ಗೋಡೆಗೆ ತೂಗುಹಾಕಿದೆವು. ಅದರ ಎದುರಿಗೆ ಪಡುವಣದ ಕಿಟಕಿಯಿತ್ತು. ಸಂಜೆಯ ಬಿಸಿಲು ಆ ಸೆರಗಿನ ಮೇಲೆ ಬಿದ್ದಾಗ ನೋಡುವುದೇ ಒಂದು ಹಬ್ಬವೆಂದು ನಾವು ಭಾವಿಸಿದ್ದೆವು. ಇಪ್ಪತ್ತೆರಡು ವರ್ಷ ಅದು ಅಲ್ಲಿಯೇ ಇತ್ತು. ಮನೆಗೆ ಬಣ್ಣ ಹೊಡೆಸುವಾಗ ಇಳಿಸಿ, ಗಾಜಿನ ಒಳಗೆ ಸೇರಿದ್ದ ಧೂಳು ತೆಗೆಯಲೆಂದು ಕಟ್ಟು ಬಿಚ್ಚಿಸಿದಾಗ, ಸುತ್ತಲಿನ ರಟ್ಟಿನ ಅಂಚು ಮುಚ್ಚಿಕೊಂಡಿದ್ದ ಅರ್ಧ ಅಂಗುಲದಷ್ಟು ಬಟ್ಟೆ ದಾಳಿಂಬೆ ಕಾಳಿನಂತೆ ಕೆಂಪಾಗಿತ್ತು. ಉಳಿದ ಸೆರಗೆಲ್ಲ ಮಾಸಿದ ಇಟ್ಟಿಗೆಯ ಬಣ್ಣಕ್ಕೆ ತಿರುಗಿತ್ತು. ಅಮ್ಮ ಏನೂ ಹೇಳಲಿಲ್ಲ. ಅಂಚಿನ ಆ ಕೆಂಪನ್ನು ಬೆರಳಿನಿಂದ ಮುಟ್ಟಿ ನೋಡಿ ಒಳಗೆ ಹೋದರು.

ನಾನು ಪ್ರೌಢಶಾಲೆಯಲ್ಲಿ ಚಿತ್ರಕಲೆ ಕಲಿಸಿದವಳು. ಬಣ್ಣ ಮಾಸುತ್ತದೆ ಎಂಬುದು ನನಗೆ ಗೊತ್ತಿಲ್ಲದ ಸಂಗತಿಯಾಗಿರಲಿಲ್ಲ. ಆದರೂ ಪ್ರತಿದಿನ ಅದರ ಮುಂದೆಯೇ ಓಡಾಡುತ್ತ, ಅದು ಮಾಸುತ್ತಿರುವುದನ್ನು ಒಂದು ದಿನವೂ ಕಾಣಲಿಲ್ಲ. ಕಾಣಲಿಲ್ಲವೇಕೆ ಎಂಬ ಪ್ರಶ್ನೆಯೇ ಈ ಮಾತುಗಳಿಗೆ ಕಾರಣ. ಮನೆಯಲ್ಲಿರುವ ಕಲಾಕೃತಿಗಳನ್ನು ಆಗಾಗ ಇಳಿಸಿ, ಬೇರೆಯವನ್ನು ಏರಿಸಿ, ಇಳಿಸಿದವುಗಳಿಗೆ ಬಿಡುವು ಕೊಡುವುದು ಅಲಂಕಾರದ ಶೋಕಿ ಎಂದು ಅನೇಕರು ತಿಳಿದಿದ್ದಾರೆ. ಚಿತ್ರವನ್ನು ಪ್ರೀತಿಸುವವರು ಮಾಡಬೇಕಾದ ಮೊದಲ ಕೆಲಸವೇ ಅದು ಎಂದು ನಾನು ಹೇಳಬಯಸುತ್ತೇನೆ. ಆ ಬಿಡುವು ಚಿತ್ರಕ್ಕೆ ಎಷ್ಟು ಬೇಕೋ ನೋಡುವ ಕಣ್ಣಿಗೂ ಅಷ್ಟೇ ಬೇಕು.

ಕಣ್ಣಿನ ವಿಷಯವನ್ನು ಮೊದಲು ಹೇಳುತ್ತೇನೆ. ನಿಮ್ಮ ಮನೆಯ ನಡುಮನೆಯಲ್ಲಿ ತೂಗುಹಾಕಿರುವ ಚಿತ್ರವನ್ನು ನೆನಪಿನಿಂದ ಬರೆದು ತೋರಿಸಿ ಎಂದು ತರಗತಿಯ ಮಕ್ಕಳಿಗೆ ಹೇಳುತ್ತಿದ್ದೆ. ಕಳೆದ ತಿಂಗಳಷ್ಟೇ ಮನೆಗೆ ಬಂದ ಕ್ಯಾಲೆಂಡರಿನ ಚಿತ್ರವನ್ನು ಮಕ್ಕಳು ಬಳ್ಳಿ, ಹೂವು, ಅಂಚಿನ ಬಣ್ಣದ ಸಮೇತ ಬರೆದು ತರುತ್ತಿದ್ದರು. ಹುಟ್ಟಿದಾಗಿನಿಂದ ಕಾಣುತ್ತಿದ್ದ ಚಿತ್ರದ ಬಗ್ಗೆ ಮಾತ್ರ "ಅದರಲ್ಲಿ ಒಂದು ಹೊಳೆ ಇದೆ ಮೇಡಂ, ಆಮೇಲೆ ಏನೋ ಇದೆ" ಎನ್ನುತ್ತಿದ್ದರು. ಇದು ಮಕ್ಕಳ ತಪ್ಪಲ್ಲ. ಬದಲಾಗದೆ ಇರುವುದನ್ನು ಗಮನದಿಂದ ಬಿಟ್ಟುಬಿಡುವುದು ಮನಸ್ಸಿನ ಸಹಜ ನಡೆ. ಗೋಡೆಯ ಗಡಿಯಾರದ ಟಿಕ್ ಟಿಕ್ ಸದ್ದು ನಮಗೆ ಕೇಳಿಸುವುದು ಅದು ನಿಂತುಹೋದಾಗ ಮಾತ್ರ; ಚಿತ್ರವೂ ಹಾಗೆಯೇ, ಅದು ಇದ್ದ ಜಾಗ ಬರಿದಾದಾಗ ಮೊದಲ ಬಾರಿಗೆ ಕಣ್ಣಿಗೆ ಬೀಳುತ್ತದೆ. ಆರು ತಿಂಗಳು ಬೀರುವಿನಲ್ಲಿದ್ದು ಮತ್ತೆ ಗೋಡೆಗೆ ಬಂದ ಚಿತ್ರದಲ್ಲಿ, ನಾನೇ ಮೂವತ್ತು ವರ್ಷಗಳ ಹಿಂದೆ ಕೊಂಡುತಂದ ಒಂದು ಸಣ್ಣ ಜಲವರ್ಣದಲ್ಲಿ, ದಡದಲ್ಲಿ ಕೂತ ಎರಡನೆಯ ಮನುಷ್ಯನನ್ನು ಕಂಡದ್ದು ಕಳೆದ ವರ್ಷ.

ಇನ್ನು ಬೆಳಕಿನ ಮಾತು. ಇದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕಾಗುತ್ತದೆ, ಏಕೆಂದರೆ ಉಳಿದದ್ದೆಲ್ಲವೂ ಇದರ ಮೇಲೆಯೇ ನಿಂತಿದೆ.

ಬೆಳಕಿನ ಪ್ರಮಾಣವನ್ನು ಲಕ್ಸ್ ಎಂಬ ಮಾನದಲ್ಲಿ ಅಳೆಯುತ್ತಾರೆ. ನಡುಹಗಲಿನ ನೇರ ಬಿಸಿಲು ಸುಮಾರು 1,00,000 ಲಕ್ಸ್. ವಸ್ತುಸಂಗ್ರಹಾಲಯಗಳಲ್ಲಿ ಜಲವರ್ಣ, ರೇಖಾಚಿತ್ರ, ಬಟ್ಟೆಗಳನ್ನಿಡುವ ಕೋಣೆಯ ಬೆಳಕನ್ನು 50 ಲಕ್ಸ್‌ಗೆ ಇಳಿಸಿರುತ್ತಾರೆ. ಅಲ್ಲಿಗೆ ಹೋದಾಗ ಇಷ್ಟು ಮಬ್ಬೇಕೆ ಎಂದು ನಮಗೆ ಅನ್ನಿಸುವುದು ಇದೇ ಕಾರಣಕ್ಕೆ. ಆದರೆ ಬೆಳಕಿನ ತೀವ್ರತೆಯೊಂದನ್ನೇ ನೋಡಿದರೆ ಸಾಲದು, ಅದು ಎಷ್ಟು ಹೊತ್ತು ಬಿತ್ತು ಎಂಬುದನ್ನೂ ಗುಣಿಸಬೇಕು. ಹೀಗೆ ಗುಣಿಸಿ ಬಂದ ಲಕ್ಸ್-ಗಂಟೆಗಳು ಜಮಾ ಆಗುತ್ತಲೇ ಹೋಗುತ್ತವೆ. ಒಮ್ಮೆ ಬೆಳಕಿಗೆ ಕಳೆದುಕೊಂಡ ಬಣ್ಣವನ್ನು ಕತ್ತಲಲ್ಲಿ ಎಷ್ಟು ದಿನ ಇಟ್ಟರೂ ಮರಳಿ ಪಡೆಯಲಾಗುವುದಿಲ್ಲ. ಈ ನಷ್ಟವನ್ನು ತಡೆಯಲು ಅಂತರರಾಷ್ಟ್ರೀಯ ಬೆಳಕು ಆಯೋಗವು 2004ರಲ್ಲಿ ವಾರ್ಷಿಕ ಮಿತಿಗಳನ್ನು ಸೂಚಿಸಿತು. ರೇಷ್ಮೆ ಮತ್ತು ಬೇಗ ಮಾಸುವ ಬಣ್ಣಗಳಿಗೆ ವರ್ಷಕ್ಕೆ 15,000 ಲಕ್ಸ್-ಗಂಟೆ, ಜಲವರ್ಣ ಮತ್ತು ಕಾಗದದ ಮೇಲಿನ ಹೆಚ್ಚಿನ ಕೃತಿಗಳಿಗೆ 1,50,000, ತೈಲವರ್ಣಕ್ಕೆ 6,00,000.

ಈ ಅಂಕಿಗಳನ್ನು ನಮ್ಮ ಮನೆಗೆ ತಂದು ನೋಡೋಣ. ಕಿಟಕಿಯಿರುವ ಸಾಮಾನ್ಯ ನಡುಮನೆಯ ಗೋಡೆಯ ಮೇಲೆ, ನೇರ ಬಿಸಿಲು ಬೀಳದಿದ್ದರೂ, ಸರಾಸರಿ 200 ಲಕ್ಸ್ ಬೆಳಕು ದಿನಕ್ಕೆ 10 ಗಂಟೆ ಇರುತ್ತದೆ ಎಂದಿಟ್ಟುಕೊಳ್ಳಿ. ದಿನಕ್ಕೆ 2,000 ಲಕ್ಸ್-ಗಂಟೆ. ರೇಷ್ಮೆಗೆ ಇಡೀ ವರ್ಷಕ್ಕೆಂದು ಹೇಳಿದ ಬೆಳಕು ಎಂಟನೆಯ ದಿನಕ್ಕೆ ಮುಗಿದಿರುತ್ತದೆ. ಜಲವರ್ಣದ್ದು 75 ದಿನಗಳಲ್ಲಿ ಮುಗಿಯುತ್ತದೆ. ವರ್ಷವಿಡೀ ಗೋಡೆಯ ಮೇಲಿದ್ದರೆ ಒಟ್ಟು 7,30,000 ಆಗಿ, ತೈಲಚಿತ್ರದ ಮಿತಿಯನ್ನೂ ದಾಟುತ್ತದೆ. ಇದೇ ಲೆಕ್ಕದಲ್ಲಿ ಅಮ್ಮನ ಸೆರಗು 22 ವರ್ಷಗಳಲ್ಲಿ ಕಂಡ ಬೆಳಕು, ಸಂಜೆಯ ನೇರ ಬಿಸಿಲನ್ನು ಬಿಟ್ಟರೂ, ಒಂದು ಕೋಟಿ ಅರವತ್ತು ಲಕ್ಷ ಲಕ್ಸ್-ಗಂಟೆ. ಒಂದು ವಸ್ತುಸಂಗ್ರಹಾಲಯ ಅದೇ ಸೆರಗಿನ ಮೇಲೆ ಸಾವಿರ ವರ್ಷಗಳಲ್ಲಿ ಖರ್ಚು ಮಾಡುತ್ತಿದ್ದ ಬೆಳಕನ್ನು ನಾವು ಎರಡು ದಶಕಗಳಲ್ಲಿ ಖರ್ಚು ಮಾಡಿದ್ದೆವು. ಈ ಲೆಕ್ಕ ಹಾಕಿದ ದಿನ ನನಗೆ ರಾತ್ರಿ ನಿದ್ದೆ ಬರಲಿಲ್ಲ.

ಮಾಸುವಿಕೆ ಎಲ್ಲ ಬಣ್ಣಗಳಿಗೂ ಒಂದೇ ವೇಗದಲ್ಲಿ ಆಗುವುದಿಲ್ಲ. ಅಂಗಡಿಯ ಗಾಜಿಗೆ ಅಂಟಿಸಿದ ಹಳೆಯ ಪೋಸ್ಟರುಗಳು ನೀಲಿಗಟ್ಟಿರುವುದನ್ನು ನೀವೆಲ್ಲ ನೋಡಿದ್ದೀರಿ. ಅಚ್ಚಿನ ಕೆಂಪು ಮತ್ತು ಹಳದಿ ಮೊದಲು ಹೋಗಿ ನೀಲಿಯೂ ಕಪ್ಪೂ ಉಳಿದುಕೊಂಡಿರುತ್ತವೆ. ಅರಿಸಿನದ ಹಳದಿಯಂತೂ ಬೆಳಕಿಗೆ ಬಹಳ ಬೇಗ ಸೋಲುತ್ತದೆ. ಮೈಸೂರು ಶೈಲಿಯ ಚಿತ್ರದಲ್ಲಿ ಮಕ್ಕಿ ಸಫೇದವೆಂಬ ಲೇಪದ ಉಬ್ಬುಗೆಲಸದ ಮೇಲೆ ಕೂರಿಸಿದ ಚಿನ್ನದ ರೇಕು ಮಾಸುವುದಿಲ್ಲ, ಆದರೆ ಅದರ ಪಕ್ಕದ ಸಸ್ಯಮೂಲದ ಬಣ್ಣಗಳು ಮಾಸುತ್ತವೆ. ಆಗ ಕಲಾವಿದ ಹದವಾಗಿ ಹೊಂದಿಸಿದ್ದ ಚಿತ್ರದಲ್ಲಿ ಚಿನ್ನವೊಂದೇ ಎದ್ದು ಕಾಣತೊಡಗುತ್ತದೆ. ನೇರಳಾತೀತ ಕಿರಣಗಳನ್ನು ತಡೆಯುವ ಗಾಜು ಹಾಕಿಸಿದರೆ ಸಾಕಲ್ಲವೇ ಎಂದು ಒಬ್ಬರು ಕೇಳಿದರು. ಆ ಗಾಜು ಖಂಡಿತ ಸಹಾಯ ಮಾಡುತ್ತದೆ. ಆದರೆ ಕಣ್ಣಿಗೆ ಕಾಣುವ ಬೆಳಕೂ ಬಣ್ಣವನ್ನು ಮಾಸಿಸುವುದರಿಂದ, ಎಲ್‌ಇಡಿ ದೀಪವಾಗಲಿ ಒಳ್ಳೆಯ ಗಾಜಾಗಲಿ ನಷ್ಟವನ್ನು ನಿಧಾನಗೊಳಿಸುತ್ತವೆಯೇ ಹೊರತು ನಿಲ್ಲಿಸುವುದಿಲ್ಲ.

ಇಲ್ಲಿ ನಮ್ಮ ನಾಡಿಗೆ ಸಂಬಂಧಿಸಿದ ಒಂದು ಸೂಕ್ಷ್ಮವಿದೆ. ಉತ್ತರದ ಕಿಟಕಿಯ ಬೆಳಕು ನಿರಪಾಯವಾದದ್ದು ಎಂದು ಯುರೋಪಿನ ಪುಸ್ತಕಗಳನ್ನು ಓದಿದ ನಾವು ನಂಬಿರುತ್ತೇವೆ. ಆ ಮಾತು ಅವರ ಅಕ್ಷಾಂಶಕ್ಕೆ ಸರಿ. ಮೈಸೂರು 12 ಡಿಗ್ರಿ ಉತ್ತರ ಅಕ್ಷಾಂಶದಲ್ಲಿರುವುದರಿಂದ, ಏಪ್ರಿಲ್ ಕೊನೆಯ ವಾರದಿಂದ ಆಗಸ್ಟ್ ಮೂರನೆಯ ವಾರದವರೆಗೆ ನಡುಹಗಲಿನ ಸೂರ್ಯನೂ ನಮ್ಮ ನೆತ್ತಿಯ ಉತ್ತರಕ್ಕೇ ಇರುತ್ತಾನೆ. ಬೆಳಗು ಬೈಗುಗಳಲ್ಲಿ ಅವನ ಓರೆ ಬಿಸಿಲು ಉತ್ತರದ ಕಿಟಕಿಯಿಂದ ಒಳಕ್ಕೆ ಬರುತ್ತದೆ. ಬೀದರಿನಲ್ಲಿ ಈ ಅವಧಿ ಇನ್ನಷ್ಟು ಕಿರಿದು. ಚಳಿಗಾಲದಲ್ಲಿ ಬಿಸಿಲು ದಕ್ಷಿಣದ ಕಿಟಕಿಗಳಿಗೆ ಬರುತ್ತದೆ. ಹಾಗಾಗಿ ಮಾಗಿಯಲ್ಲಿ ಸುರಕ್ಷಿತವಾಗಿದ್ದ ಗೋಡೆ ವೈಶಾಖದಲ್ಲಿ ಹಾಗಿರುವುದಿಲ್ಲ. ಒಂದು ಭಾನುವಾರ ಮನೆಯಲ್ಲಿಯೇ ಇದ್ದು, ಬೆಳಗಿನಿಂದ ಸಂಜೆಯವರೆಗೆ ಬಿಸಿಲಿನ ಚೌಕ ಯಾವ ಗೋಡೆಯ ಮೇಲೆ ಹರಿದುಹೋಗುತ್ತದೆ ಎಂದು ಗುರುತಿಸಿಕೊಳ್ಳಿ. ಮೂರು ತಿಂಗಳ ಬಳಿಕ ಮತ್ತೊಮ್ಮೆ ನೋಡಿ.

ಇಷ್ಟು ಕೇಳಿದ ಮೇಲೆ, ಚಿತ್ರ ಬದಲಿಸುವ ಪದ್ಧತಿ ಹೊರಗಿನಿಂದ ಬಂದದ್ದು ಎಂದು ಯಾರಿಗಾದರೂ ಅನ್ನಿಸಿದರೆ, ಅದನ್ನು ನಾನು ಒಪ್ಪಲಾರೆ. ನಮ್ಮ ಮನೆಗಳ ಕಲೆಯೆಲ್ಲ ಮೂಲತಃ ಸರದಿಯ ಕಲೆ. ಹೊಸ್ತಿಲ ಮುಂದಿನ ರಂಗೋಲಿಯನ್ನು ದಿನವೂ ಅಳಿಸಿ ದಿನವೂ ಹಾಕುತ್ತೇವೆ. ಬಾಗಿಲ ತೋರಣ ಹಬ್ಬದಿಂದ ಹಬ್ಬಕ್ಕೆ ಬದಲಾಗುತ್ತದೆ. ಸೇವೆಯ ಕೆಲವು ವರ್ಷಗಳನ್ನು ನಾನು ಮಲೆನಾಡಿನ ಸಾಗರ ಸೀಮೆಯಲ್ಲಿ ಕಳೆದೆ. ಅಲ್ಲಿನ ದೀವರ ಸಮುದಾಯದ ಮನೆಗಳ ಚಿತ್ತಾರವನ್ನು ಹತ್ತಿರದಿಂದ ನೋಡುವ ಭಾಗ್ಯ ಆಗ ನನಗೆ ದೊರೆಯಿತು. ಮದುವೆ ನಿಶ್ಚಯವಾದರೆ ಗೋಡೆಗೆ ಕೆಮ್ಮಣ್ಣು ಬಳಿದು, ಮದುಮಕ್ಕಳು ಕೂರುವ ಜಾಗದ ಹಿಂದೆ ಹಸೆ ಚಿತ್ತಾರ ಬರೆಯುತ್ತಾರೆ. ನೆನೆಸಿ ಅರೆದ ಅಕ್ಕಿಯಿಂದ ಬಿಳಿ, ಕೆಮ್ಮಣ್ಣಿನಿಂದ ಕೆಂಪು, ಕಪ್ಪಾಗುವಂತೆ ಹುರಿದ ಅಕ್ಕಿಯಿಂದ ಕರಿ, ಗುರಿಗೆ ಕಾಯಿಯಿಂದ ಹಳದಿ; ಕುಂಚವೆಂದರೆ ಪುಂಡಿ ನಾರು. ಚಿತ್ತಾರಗಿತ್ತಿ ಎಳೆಯುವ ಗೆರೆಗಳು ಅಳತೆಪಟ್ಟಿಯಿಲ್ಲದೆಯೇ ಕೂದಲೆಳೆಯಷ್ಟೂ ತಪ್ಪದೆ ಕೂಡಿಕೊಳ್ಳುತ್ತಿದ್ದವು. ಇಷ್ಟು ದಿನಗಳ ಶ್ರಮ ಅಳಿಸಿಹೋಗುತ್ತದಲ್ಲ ಎಂದು ನಾನು ವ್ಯಥೆಪಟ್ಟಾಗ, ಗೆರೆ ಎಳೆಯುತ್ತಿದ್ದ ಹಿರಿಯರೊಬ್ಬರು ತಲೆಯೆತ್ತದೆಯೇ, "ಅಳಿಸದಿದ್ರೆ ಮೊಮ್ಮಗಳು ಎಲ್ಲಿ ಬರೀತಾಳೆ ಅಮ್ಮಾ?" ಎಂದರು. ಅಲ್ಲಿಯ ಭೂಮಿ ಹುಣ್ಣಿಮೆಗೆ ಹೊಲಕ್ಕೆ ಎಡೆ ಒಯ್ಯುವ ಭೂಮಣ್ಣಿ ಬುಟ್ಟಿಯ ಮೇಲೂ ವರ್ಷಕ್ಕೊಮ್ಮೆ ಹೊಸದಾಗಿ ಚಿತ್ತಾರ ಬರೆಯುತ್ತಾರೆ. ಒಂದು ವರ್ಷದ ಬುಟ್ಟಿ ಮುಂದಿನ ವರ್ಷದ ಬುಟ್ಟಿಯಂತೆ ಇರುವುದಿಲ್ಲ, ಎರಡನ್ನೂ ನೋಡಿದವರಿಗೆ ಎರಡೂ ನೆನಪಿರುತ್ತವೆ.

ಹಳೆಯ ಮೈಸೂರಿನ ನಮಗೆ ಇದಕ್ಕಿಂತ ಹತ್ತಿರದ ಉದಾಹರಣೆ ನವರಾತ್ರಿಯ ಗೊಂಬೆ. ತವರಿನಿಂದ ಬಂದ ಪಟ್ಟದ ಗೊಂಬೆಗಳು, ಚನ್ನಪಟ್ಟಣದ ಆಟಿಕೆಗಳು, ಕಿನ್ನಾಳದ ಮರದ ಬೊಂಬೆಗಳು, ಮಣ್ಣಿನ ಸೆಟ್ಟಿ ಸೆಟ್ಟಮ್ಮ ಎಲ್ಲವೂ ವರ್ಷದ ಹನ್ನೊಂದು ತಿಂಗಳಿಗೂ ಹೆಚ್ಚು ಕಾಲ ಪೆಟ್ಟಿಗೆಯಲ್ಲಿ ಬಟ್ಟೆ ಸುತ್ತಿಕೊಂಡು ಮಲಗಿದ್ದು, ಪಾಡ್ಯದ ದಿನ ಹೊರಬಂದು ಹತ್ತು ದಿನ ಬೆಳಕು ಕಾಣುತ್ತವೆ. ನಮ್ಮ ಮನೆಯಲ್ಲಿ ರಕ್ತಚಂದನದ ರಾಜ ರಾಣಿಯರ ಜೋಡಿಯೊಂದು ನನ್ನ ಅಜ್ಜಿಯ ಕಾಲದ್ದು. ಅದರ ಮುಖದ ಬಣ್ಣ ಇಂದಿಗೂ ಮಾಸಿಲ್ಲ. ಅದೇ ಅಜ್ಜಿ ಗೋಡೆಗೆ ಹಾಕಿದ್ದ ಪಟಗಳಲ್ಲಿ ಮುಖಗಳೇ ಗುರುತು ಸಿಗುವುದಿಲ್ಲ. ಎರಡೂ ಒಂದೇ ಮನೆಯಲ್ಲಿದ್ದವು, ಒಂದೇ ಕೈಗಳ ಪ್ರೀತಿಯನ್ನು ಕಂಡವು. ಗೊಂಬೆಗೆ ಪೆಟ್ಟಿಗೆಯಿತ್ತು, ಪಟಕ್ಕೆ ಇರಲಿಲ್ಲ. ಅಲ್ಲದೆ ಪೆಟ್ಟಿಗೆ ತೆರೆಯುವ ದಿನಕ್ಕಾಗಿ ಮಕ್ಕಳು ಕಾಯುವಂತೆ ಗೋಡೆಯ ಪಟಕ್ಕಾಗಿ ಯಾರೂ ಕಾಯುವುದಿಲ್ಲ ಎಂಬುದನ್ನೂ ಗಮನಿಸಬೇಕು.

ಹಾಗಾದರೆ ಶಾಶ್ವತವಾಗಿ ಮೊಳೆ ಹೊಡೆದು ಬಿಡುವ ಅಭ್ಯಾಸ ಎಲ್ಲಿಂದ ಬಂತು? ಅಚ್ಚು, ಗಾಜು, ಚೌಕಟ್ಟು ಈ ಮೂರೂ ಅಗ್ಗವಾದದ್ದರಿಂದ ಎಂದು ನನ್ನ ಊಹೆ. 1894ರಲ್ಲಿ ರಾಜಾ ರವಿವರ್ಮ ಮುಂಬಯಿಯಲ್ಲಿ ಕಲ್ಲಚ್ಚಿನ ಮುದ್ರಣಾಲಯ ತೆರೆದ ಮೇಲೆ, ಅರಮನೆಯ ಗೋಡೆಗಳಿಗೆ ಮೀಸಲಾಗಿದ್ದ ಬಗೆಯ ಚಿತ್ರಗಳು ಸಾಮಾನ್ಯರ ನಡುಮನೆಗೂ ಬಂದವು. ಅದೊಂದು ದೊಡ್ಡ ಉಪಕಾರ, ನಾನದನ್ನು ಕಡಿಮೆಯಾಗಿ ಕಾಣುತ್ತಿಲ್ಲ. ಆದರೆ ಬರೆದು ಅಳಿಸುವ ಗೋಡೆ ಮತ್ತು ಹೊರತೆಗೆದು ಒಳಗಿಡುವ ಗೊಂಬೆಯ ಜೊತೆಗೆ, ಒಮ್ಮೆ ಏರಿಸಿದರೆ ಇಳಿಸಲೇಬೇಕಾಗಿಲ್ಲ ಎನ್ನಿಸುವ ಮೂರನೆಯದೊಂದು ವಸ್ತು ಮನೆಗೆ ಬಂತು, ಅದಕ್ಕೆ ಬೇಕಾದ ಶಿಸ್ತು ಮಾತ್ರ ಬರಲಿಲ್ಲ.

ಆ ಶಿಸ್ತನ್ನು ಬೇರೆ ನಾಡುಗಳು ಹೇಗೆ ರೂಢಿಸಿಕೊಂಡವು ಎಂಬುದನ್ನು ನೋಡುವುದರಲ್ಲಿ ಲಾಭವಿದೆ. ಜಪಾನಿನ ಸಾಂಪ್ರದಾಯಿಕ ಮನೆಯಲ್ಲಿ ತೊಕೊನೊಮಾ ಎಂಬ ಗೂಡೊಂದಿರುತ್ತದೆ. ಅಲ್ಲಿ ಸಾಮಾನ್ಯವಾಗಿ ಒಂದೇ ಒಂದು ಸುರುಳಿಚಿತ್ರವನ್ನು ಇಳಿಬಿಡುತ್ತಾರೆ. ಋತು ಬದಲಾದಾಗ, ವಿಶೇಷ ಅತಿಥಿ ಬಂದಾಗ ಅದನ್ನು ಸುತ್ತಿ ಮರದ ಪೆಟ್ಟಿಗೆಗೆ ಸೇರಿಸಿ ಇನ್ನೊಂದನ್ನು ಹಾಕುತ್ತಾರೆ. ಸುತ್ತಿಡಲು ಬರುವಂತೆಯೇ ಚಿತ್ರವನ್ನು ಕಟ್ಟಿರುತ್ತಾರೆ ಎಂಬುದು ಇಲ್ಲಿ ಮುಖ್ಯ. ಚೀನಾದ ಮಿಂಗ್ ಕಾಲದ ವಿದ್ವಾಂಸ ವೆನ್ ಝೆನ್‌ಹೆಂಗ್ 17ನೆಯ ಶತಮಾನದಲ್ಲಿ ಯಾವ ತಿಂಗಳು ಯಾವ ಬಗೆಯ ಚಿತ್ರ ತೂಗುಹಾಕಬೇಕೆಂದು ಒಂದು ಪಂಚಾಂಗವನ್ನೇ ಬರೆದಿಟ್ಟ. ಲಂಡನ್ನಿನ ವಾಸ್ತುಶಿಲ್ಪಿ ಸರ್ ಜಾನ್ ಸೋನ್ 1824ರಲ್ಲಿ ತನ್ನ ಮನೆಯಲ್ಲಿ ಕಟ್ಟಿದ ಚಿತ್ರಕೋಣೆ ಸುಮಾರು 14 ಅಡಿ ಉದ್ದ, 12 ಅಡಿ ಅಗಲದ್ದು. ಗೋಡೆಗಳನ್ನು ಬೀರುವಿನ ಬಾಗಿಲುಗಳಂತೆ ಪದರ ಪದರವಾಗಿ ತೆರೆಯುವ ಹಾಗೆ ಮಾಡಿ, ನಮ್ಮ ಮಲಗುವ ಕೋಣೆಯಷ್ಟಿರುವ ಆ ಜಾಗದಲ್ಲಿ ಅವನು ನೂರಕ್ಕೂ ಹೆಚ್ಚು ಚಿತ್ರಗಳನ್ನಿಟ್ಟ. ಮುಚ್ಚಿದ ಪದರದೊಳಗಿನ ಚಿತ್ರಕ್ಕೆ ಬೆಳಕು ತಾಗುವುದಿಲ್ಲ, ತೆರೆದು ತೋರಿಸುವಾಗ ನೋಡುವವರಿಗೂ ಬೆರಗು. ಇದಕ್ಕೆ ತದ್ವಿರುದ್ಧವಾದ ನಿದರ್ಶನ ಅಮೆರಿಕದ ಬಾಸ್ಟನ್ನಿನಲ್ಲಿದೆ. ಅಲ್ಲಿ ವಸ್ತುಸಂಗ್ರಹಾಲಯ ಸ್ಥಾಪಿಸಿದ ಇಸಬೆಲ್ಲಾ ಸ್ಟೂವರ್ಟ್ ಗಾರ್ಡ್ನರ್ ತನ್ನ ಸಂಗ್ರಹದ ಜೋಡಣೆಯನ್ನು ಬದಲಿಸಕೂಡದೆಂದು ಉಯಿಲು ಬರೆದಳು. 1990ರಲ್ಲಿ ಅಲ್ಲಿಂದ 13 ಕೃತಿಗಳು ಕಳುವಾದಾಗ ಖಾಲಿ ಚೌಕಟ್ಟುಗಳನ್ನೇ ಮತ್ತೆ ಅವುಗಳ ಜಾಗದಲ್ಲಿ ತೂಗುಹಾಕಿದರು. ಆ ನಿಷ್ಠೆಯ ಬಗ್ಗೆ ನನಗೆ ಗೌರವವಿದೆ, ಆದರೆ ಜನ ವಾಸಿಸುವ ಮನೆಗೆ ಅದು ಹೊಂದುವ ಮಾದರಿಯಲ್ಲ.

ನಮ್ಮ ಮನೆಯಲ್ಲಿ ನಾನು ಅನುಸರಿಸುತ್ತಿರುವ ಕ್ರಮವನ್ನು ಹೇಳುತ್ತೇನೆ. ಇದೇ ಸರಿಯೆಂಬ ಹಟ ನನಗಿಲ್ಲ. ಒಟ್ಟು ಸುಮಾರು ನಲವತ್ತು ಕೃತಿಗಳಿವೆ. ಅವುಗಳಲ್ಲಿ ಅಚ್ಚಿನ ಪ್ರತಿಗಳು, ಶಿಷ್ಯರು ಕೊಟ್ಟ ಚಿತ್ರಗಳು, ಸಾಗರದಿಂದ ತಂದ ಬಟ್ಟೆಯ ಮೇಲಿನ ಚಿತ್ತಾರ, ಒಂದು ತೊಗಲುಗೊಂಬೆ ಎಲ್ಲವೂ ಸೇರಿವೆ. ಒಂದು ಸಲಕ್ಕೆ ಗೋಡೆಯ ಮೇಲಿರುವುದು ಹನ್ನೆರಡು ಮಾತ್ರ. ಬದಲಿಸುವ ದಿನಗಳನ್ನು ಇಂಗ್ಲಿಷ್ ತಾರೀಖಿಗೆ ಕಟ್ಟಿದಾಗಲೆಲ್ಲ ಮರೆತುಹೋಗುತ್ತಿತ್ತು. ಹಬ್ಬಗಳಿಗೆ ಕಟ್ಟಿದ ಮೇಲೆ ಒಂದೂ ತಪ್ಪಿಲ್ಲ. ಯುಗಾದಿಗೆ ಮನೆಯ ಧೂಳು ಹೊಡೆಯುವುದು ಹೇಗೂ ಇದ್ದೇ ಇರುತ್ತದೆ, ಅಂದು ಮೊದಲ ಬದಲಾವಣೆ. ಮೃಗಶಿರ ಮಳೆ ಹಿಡಿಯುವ ಮುಂಚೆ, ಅಂದರೆ ಜೂನ್ ಮೊದಲ ವಾರದೊಳಗೆ ಎರಡನೆಯದು. ನವರಾತ್ರಿಗೆ ಮೂರನೆಯದು. ಸಂಕ್ರಾಂತಿಗೆ ನಾಲ್ಕನೆಯದು. ಸಂಕ್ರಾಂತಿಯಿಂದ ಜೂನ್‌ವರೆಗಿನ ಬದಲಾವಣೆಗಳ ನಡುವಿನ ಅಂತರ ಸುಮಾರಾಗಿ ಜಲವರ್ಣಕ್ಕೆ ನಾನು ಹೇಳಿದ 75 ದಿನಗಳಿಗೆ ಹತ್ತಿರವಾಗುತ್ತದೆ. ನವರಾತ್ರಿಯ ಹಿಂದಿನ, ಮುಂದಿನ ಅವಧಿಗಳು ಮಾತ್ರ ಉದ್ದ, ಆದರೆ ಮಳೆಗಾಲದ ಮೋಡ ಕವಿದ ದಿನಗಳಲ್ಲಿ ಬೆಳಕೂ ಕಡಿಮೆ.

ಯಾವುದನ್ನು ಯಾವಾಗ ಹಾಕುವುದು ಎಂಬುದು ಈ ಕೆಲಸದ ನಿಜವಾದ ಸಂತೋಷ. ಬೆಂಗಳೂರಿನ ಹೂಮರಗಳನ್ನು ಚಿತ್ರಿಸಿದ ರುಮಾಲೆ ಚೆನ್ನಬಸವಯ್ಯನವರ ಕೃತಿಯೊಂದರ ಅಚ್ಚು ನನ್ನಲ್ಲಿದೆ. ಅದನ್ನು ಯುಗಾದಿಗೆ ಹಾಕುತ್ತೇನೆ, ಏಕೆಂದರೆ ಬೀದಿಯ ಮರಗಳು ಆಗ ಹೂವಿನಲ್ಲಿರುತ್ತವೆ. ಹೊರಗೆ ನೋಡಿ ಒಳಗೆ ಬಂದವರು ಚಿತ್ರವನ್ನು ನೋಡುತ್ತಾರೆ, ಚಿತ್ರ ನೋಡಿದವರು ಮತ್ತೆ ಕಿಟಕಿಯತ್ತ ಹೋಗುತ್ತಾರೆ. ಮಳೆಗಾಲದಲ್ಲಿ ಮನೆ ಮಂಕಾಗಿರುವಾಗ ಬಿದರಿ ಹೂಜಿಯ ಬೆಳ್ಳಿಗೆರೆಗಳೂ ತೆಳುರೇಖೆಯ ಚಿತ್ರಗಳೂ ಹೊಂದುತ್ತವೆ ಎಂದು ನನ್ನ ಅನುಭವ. ಬಿದರಿ ಲೋಹದ ಕೆಲಸವಾದ್ದರಿಂದ ಬೆಳಕಿನ ಭಯ ಅದಕ್ಕಿಲ್ಲ. ತೊಗಲುಗೊಂಬೆಯನ್ನು ಮಾತ್ರ ವರ್ಷಕ್ಕೆ ಒಂದೆರಡು ವಾರ, ಸಂಜೆ ಹಿಂದೊಂದು ದೀಪವಿಟ್ಟು ತೋರಿಸುತ್ತೇನೆ, ಏಕೆಂದರೆ ಅದರ ಬಣ್ಣಗಳು ಹುಟ್ಟಿದ್ದೇ ಹಿಂಬದಿಯ ಬೆಳಕಿಗಾಗಿ. ಎಂದೂ ಅಕ್ಕಪಕ್ಕದಲ್ಲಿ ಇರದಿದ್ದ ಎರಡು ಚಿತ್ರಗಳನ್ನು ಜೊತೆಗಿಟ್ಟು ನೋಡಿ ಎಂದು ವಿಶೇಷವಾಗಿ ಹೇಳಬಯಸುತ್ತೇನೆ. ಚಿತ್ತಾರದ ಪಕ್ಕಕ್ಕೆ ಅಮ್ಮನ ಕಡೆಯ ಕಸೂತಿಯ ಒಂದು ತುಂಡನ್ನು ತಂದಾಗ, ನೂರಕ್ಕೂ ಹೆಚ್ಚು ಕಿಲೋಮೀಟರ್ ದೂರದ ಎರಡು ಸೀಮೆಗಳ ಹೆಂಗಸರು ಎಣಿಕೆಯಿಂದಲೇ ಚಿತ್ರ ಕಟ್ಟುವ ಒಂದೇ ಜಾಣ್ಮೆಯನ್ನು ಬೇರೆ ಬೇರೆಯಾಗಿ ಕಂಡುಕೊಂಡಿದ್ದಾರೆಂದು ನನಗೆ ಹೊಳೆಯಿತು. ಹಾಗೆಯೇ ಒಂದು ಮೊಳೆಯನ್ನು ಮಕ್ಕಳಿಗಾಗಿ ಬಿಟ್ಟುಕೊಡಿ. ಹಿಂದಿನ ರಟ್ಟು ಸುಲಭವಾಗಿ ತೆರೆಯುವ ಒಂದು ಚೌಕಟ್ಟು ಕೊಂಡರೆ, ಅವರು ಬರೆದದ್ದನ್ನು ತಿಂಗಳಿಗೊಮ್ಮೆ ಅದರಲ್ಲಿ ಬದಲಿಸಬಹುದು.

ಇಳಿಸಿದ ಚಿತ್ರವನ್ನು ಎಲ್ಲಿಡುವುದು ಎಂಬ ಪ್ರಶ್ನೆಯನ್ನು ಎಲ್ಲರೂ ಕೇಳುತ್ತಾರೆ, ಮತ್ತು ಹೆಚ್ಚಿನ ಅನಾಹುತ ಆಗುವುದೂ ಅಲ್ಲಿಯೇ. ಅಟ್ಟ ಬೇಡ, ತಾರಸಿಯ ಕೆಳಗಿನ ಅಟ್ಟ ಬೇಸಿಗೆಯಲ್ಲಿ ಒಲೆಯಂತೆ ಕಾಯುತ್ತದೆ. ಸಿಮೆಂಟು ನೆಲದ ಮೇಲೆ ನೇರವಾಗಿಯೂ ಬೇಡ, ಮಳೆ ಬಡಿಯುವ ಹೊರಗೋಡೆಗೆ ಒರಗಿಸುವುದೂ ಬೇಡ. ಒಳಕೋಣೆಯ ಮರದ ಬೀರುವಿನಲ್ಲಿ, ಕೆಳಗೆ ಎರಡು ಮರದ ಪಟ್ಟಿಗಳನ್ನಿಟ್ಟು, ಗಾಜಿಗೆ ಗಾಜು, ಬೆನ್ನಿಗೆ ಬೆನ್ನು ಬರುವಂತೆ ಪುಸ್ತಕಗಳ ಹಾಗೆ ನಿಲ್ಲಿಸಿಡಬೇಕು; ಒಂದರ ಮೇಲೊಂದು ಪೇರಿಸಿದರೆ ಅಡಿಯ ಗಾಜು ಒಡೆಯುತ್ತದೆ. ಚಿತ್ರವನ್ನು ಸುತ್ತುವುದಕ್ಕೆ ಒಗೆದು ಒಗೆದು ಮೆತ್ತಗಾದ ಹತ್ತಿಯ ಪಂಚೆಗಿಂತ ಉತ್ತಮವಾದದ್ದು ಬೇರೊಂದಿಲ್ಲ. ಪ್ಲಾಸ್ಟಿಕ್ಕಿನಲ್ಲಿ ಬಿಗಿಯಾಗಿ ಕಟ್ಟಿದರೆ ತೇವ ಒಳಗೇ ಉಳಿದು ಬೂಷ್ಟು ಹಿಡಿಯುತ್ತದೆ. ಗಾಳಿಯ ತೇವಾಂಶ ಶೇಕಡಾ 65ರಿಂದ 70ನ್ನು ದಾಟಿ ಹಲವು ದಿನ ನಿಂತರೆ ಕಾಗದದ ಮೇಲೆ ಬೂಷ್ಟು ಬೆಳೆಯತೊಡಗುತ್ತದೆ. ಮಲೆನಾಡು, ಕರಾವಳಿಗಳ ಮಳೆಗಾಲದಲ್ಲಿ ಅಷ್ಟು ತೇವ ವಾರಗಟ್ಟಲೆ ಇರುತ್ತದೆಯಾದ್ದರಿಂದ, ಅಲ್ಲಿಯವರು ಹೊರಗೋಡೆಯ ಮೇಲಿನ ಕಾಗದದ ಕೃತಿಗಳನ್ನು ಆರಿದ್ರೆಗೆ ಮುಂಚೆಯೇ ಒಳಗೋಡೆಗೆ ಸಾಗಿಸುವುದು ಕ್ಷೇಮ. ಗೋಡೆಯ ಮೇಲೆ ಉಳಿಯುವ ಚಿತ್ರಗಳ ಹಿಂದೆ, ಕೆಳಗಿನ ಎರಡು ಮೂಲೆಗಳಲ್ಲಿ ಬಾಟಲಿಯ ಬಿರಡೆಯ ತೆಳುವಾದ ತುಂಡುಗಳನ್ನು ಅಂಟಿಸಿದರೆ ಗಾಳಿಯಾಡಲು ಜಾಗ ಸಿಗುತ್ತದೆ. ಹಲ್ಲಿ, ಗೆದ್ದಲುಗಳ ಗುರುತು ಬೇಗ ಕಾಣುತ್ತದೆ.

ಮಳೆಗಾಲ ಮುಗಿದ ಮೇಲೆ ಹಾಸಿಗೆ ಬಟ್ಟೆಗಳ ಜೊತೆಗೆ ಚಿತ್ರಗಳನ್ನೂ ಬಿಸಿಲಿಗಿಡುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ನೇರ ಬಿಸಿಲಿನ ಒಂದು ಗಂಟೆಯೆಂದರೆ 1,00,000 ಲಕ್ಸ್-ಗಂಟೆ. ಜಲವರ್ಣವೊಂದಕ್ಕೆ ವರ್ಷಕ್ಕಿರುವ ಪಾಲಿನ ಮೂರನೆಯ ಎರಡು ಭಾಗ ಆ ಒಂದು ಗಂಟೆಯಲ್ಲಿ ಹೋಗುತ್ತದೆ. ನೆರಳಿನಲ್ಲಿ, ಫ್ಯಾನಿನ ಗಾಳಿಗೆ ಒಣಗಿಸಿದರೆ ಸಾಕು. ಚೌಕಟ್ಟು ಹಾಕಿಸುವಾಗ ಒಂದು ಮಾತನ್ನು ಖಂಡಿತವಾಗಿ ಕೇಳಿ ಪಡೆಯಬೇಕು: ಗಾಜು ಚಿತ್ರಕ್ಕೆ ತಾಗಬಾರದು, ನಡುವೆ ಆಮ್ಲರಹಿತ ಮೌಂಟ್ ಬೋರ್ಡ್ ಇರಬೇಕು. ಅಗ್ಗದ ರಟ್ಟಿನಲ್ಲಿರುವ ಆಮ್ಲ ಕಾಗದವನ್ನು ಸುಟ್ಟಂತೆ ಕಂದಾಗಿಸುತ್ತದೆ.

ದೇವರ ಪಟಗಳನ್ನೂ ಹೀಗೆ ಇಳಿಸಬೇಕೇ ಎಂದು ಹಿರಿಯರೊಬ್ಬರು ಕೇಳಿದರು. ಪೂಜೆಗೊಳ್ಳುವ ಪಟವನ್ನು ನಾನು ಈ ಸರದಿಯಲ್ಲಿ ಸೇರಿಸುವುದಿಲ್ಲ. ಅದು ನೋಡುವ ಚಿತ್ರವಲ್ಲ, ಎದುರು ನಿಲ್ಲುವ ಸನ್ನಿಧಿ. ದೀಪದ ಹೊಗೆಯಿಂದ ಅದನ್ನು ಒಂದು ಮೊಳ ದೂರ ಸರಿಸಿದರೆ ಸಾಕು. ಗತಿಸಿದವರ ಭಾವಚಿತ್ರದ ವಿಷಯ ಇನ್ನೂ ಸೂಕ್ಷ್ಮವಾದದ್ದು. ತಂದೆಯ ಫೋಟೋವನ್ನು ಗೋಡೆಯಿಂದ ತೆಗೆದರೆ ಅವರನ್ನೇ ಮರೆತಂತೆ ಎಂದು ಮನಸ್ಸಿಗೆ ಅನ್ನಿಸುತ್ತದೆ, ಆ ಭಾವನೆಯನ್ನು ವಾದದಿಂದ ಗೆಲ್ಲಬಾರದು. ನಾವು ಮಾಡಿದ್ದು ಇಷ್ಟೇ: ಮೂಲ ಫೋಟೋವನ್ನು ಸ್ಕ್ಯಾನ್ ಮಾಡಿಸಿ, ಒಳ್ಳೆಯ ಕಾಗದದ ಮೇಲೆ ಪ್ರತಿ ತೆಗೆಸಿ, ಪ್ರತಿಯನ್ನು ಗೋಡೆಗೆ ಹಾಕಿ ಮೂಲವನ್ನು ಕತ್ತಲಲ್ಲಿ ಕಾಪಾಡಿದೆವು. ಪ್ರತಿ ಮಾಸಿದರೆ ಇನ್ನೊಂದು ತೆಗೆಸಬಹುದು. ಬಾಡಿಗೆ ಮನೆಯಲ್ಲಿರುವವರು ಮೊಳೆ ಹೊಡೆಯಲಾಗದ ಕಷ್ಟ ಹೇಳಿದರು. ಅಂಥವರು ಗೋಡೆಗೆ ಒರಗಿಸಿದ ಒಂದು ಅಗಲವಾದ ಹಲಗೆಯ ಮೇಲೆ ಎರಡು ಮೂರು ಚಿತ್ರಗಳನ್ನು ನಿಲ್ಲಿಸಿದರೆ ಬದಲಿಸುವುದು ಮತ್ತೂ ಸುಲಭ.

ಕೊನೆಯದಾಗಿ, ಪ್ರತಿ ಚಿತ್ರದ ಬೆನ್ನಿಗೂ ಒಂದು ಚೀಟಿಯಿರಲಿ. ಚಿತ್ರದ ಕಾಗದಕ್ಕಲ್ಲ, ಚೌಕಟ್ಟಿನ ಹಿಂದಿನ ರಟ್ಟಿಗೆ. ಬರೆದವರು ಯಾರು, ಮನೆಗೆ ಬಂದದ್ದು ಹೇಗೆ, ಗೋಡೆಗೆ ಏರಿದ ದಿನ ಯಾವುದು, ಇಳಿದ ದಿನ ಯಾವುದು ಎಂದು ಪೆನ್ಸಿಲಿನಲ್ಲಿ ಬರೆಯಿರಿ. ಅಮ್ಮನ ಸೆರಗಿಗೂ ಹೊಸ ಮೌಂಟ್ ಹಾಕಿಸಿ ಅಂಥದೊಂದು ಚೀಟಿ ಅಂಟಿಸಿದೆವು. ಈಗ ಅದು ವರ್ಷಕ್ಕೊಮ್ಮೆ, ಗೊಂಬೆಗಳ ಜೊತೆಗೆ, ಕಿಟಕಿಯಿಂದ ದೂರದ ಒಳಗೋಡೆಯ ಮೇಲೆ ಒಂಬತ್ತು ದಿನ ಇರುತ್ತದೆ. ಅಲ್ಲಿ ಸುಮಾರು 100 ಲಕ್ಸ್ ಬೆಳಕು, ದಿನಕ್ಕೆ 8 ಗಂಟೆ. ಒಟ್ಟು 7,200 ಲಕ್ಸ್-ಗಂಟೆ, ರೇಷ್ಮೆಗೆ ಹೇಳಿದ ಮಿತಿಯ ಅರ್ಧಕ್ಕಿಂತ ಕಡಿಮೆ. ಮೌಂಟನ್ನು ಈ ಬಾರಿ ಸ್ವಲ್ಪ ಹಿಂದಕ್ಕೆ ಸರಿಸಿ ಕತ್ತರಿಸಿರುವುದರಿಂದ, ಅಂಚಿನ ಆ ಹಳೆಯ ಕೆಂಪೂ ಒಂದು ಗೆರೆಯಷ್ಟು ಕಾಣುತ್ತದೆ. ಚೀಟಿಯ ಮೇಲಿನ ಮೊದಲ ನಾಲ್ಕು ಸಾಲುಗಳು ಅಮ್ಮನ ಕೈಬರಹದವು. ಆಮೇಲಿನವು ನನ್ನವು.